ಹೊಲದಲ್ಲಿ ಸಿಕ್ಕ ಬೆಳ್ಳಿ ಕಾಸು ಯಾರದು?



ದಕ್ಷಿಣ ಭಾರತದಲ್ಲಿ ರೋಮನ್ ನಾಣ್ಯಗಳು ದೊರೆತಿವೆ ಎಂಬ ವಾಕ್ಯವನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವೂ ಸಿಗುತ್ತದೆ. ಆದರೆ ಆ ನಾಣ್ಯ ಯಾರ ಹೊಲದಲ್ಲಿ ಸಿಕ್ಕಿತು, ಸಿಕ್ಕವನು ಏನು ಮಾಡಿದ, ಅದು ಈಗ ಎಲ್ಲಿದೆ ಎಂದು ಕೇಳುವವರು ಕಡಿಮೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಇದು ಬರೀ ಪಾಠದ ಪ್ರಶ್ನೆಯಲ್ಲ. ಇಲ್ಲಿ ನೇಗಿಲಿಗೆ, ಬಾವಿ ತೋಡುವ ಗುದ್ದಲಿಗೆ, ಈಗ ಜೆಸಿಬಿಗೂ ಹಳೆಯ ಕಾಸು ಸಿಗಬಹುದು. ಅದರ ಫೋಟೋ ತೆಗೆದು ಅಂತರಜಾಲದ ಹರಾಜಿಗೆ ಏರಿಸಲು ಐದು ನಿಮಿಷ ಸಾಕು. ಆ ಐದು ನಿಮಿಷದಲ್ಲಿ ಎಷ್ಟು ಕಾನೂನು ಮುರಿಯುತ್ತದೆ, ಎಷ್ಟು ಇತಿಹಾಸ ಕಳೆದುಹೋಗುತ್ತದೆ ಎಂಬುದನ್ನು ತಿಳಿಸಲು ಈ ಬರಹ.

ಮೊದಲು ಊರುಗಳ ವಿಚಾರ. ಹಳೆಯ ದಾಖಲೆಗಳಲ್ಲಿ ‘ಕೊಯಮತ್ತೂರು ಜಿಲ್ಲೆ’ ಎಂದಿದ್ದರೆ ಅದು ಇಂದಿನ ಜಿಲ್ಲೆಯಲ್ಲ. ಮದರಾಸು ಆಧಿಪತ್ಯದ ಕಾಲದಲ್ಲಿ ಈರೋಡು, ಸತ್ಯಮಂಗಲ, ಧಾರಾಪುರಂ ಎಲ್ಲವೂ ಅದರಲ್ಲಿದ್ದವು. ನಮ್ಮ ಕೊಳ್ಳೇಗಾಲ ಕೂಡ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. 1979ರಲ್ಲಿ ಈರೋಡಿನ ಭಾಗ ಬೇರೆ ಜಿಲ್ಲೆಯಾಯಿತು. 2009ರಲ್ಲಿ ಎರಡೂ ಜಿಲ್ಲೆಗಳ ತುಂಡುಗಳನ್ನು ಸೇರಿಸಿ ತಿರುಪ್ಪೂರು ಜಿಲ್ಲೆ ಮಾಡಿದರು. ಆದ್ದರಿಂದ ಕೊಂಗುನಾಡಿನ ಈ ಕಥೆ ಗಡಿಯ ಎರಡೂ ಕಡೆಯವರದು.

ಇನ್ನು ನಾಣ್ಯದ ವಿಚಾರ. ಎರಡು ಸಾವಿರ ವರ್ಷಗಳ ಹಿಂದೆ ರೋಮನ್ ಸಾಮ್ರಾಜ್ಯದ ಈಜಿಪ್ಟಿನಿಂದ ಹೊರಟ ಹಡಗುಗಳು ಮುಂಗಾರು ಗಾಳಿ ಹಿಡಿದು ಮಲಬಾರ್ ಕರಾವಳಿಯ ಮುಜಿರಿಸ್ ಬಂದರಿಗೆ ಬರುತ್ತಿದ್ದವು. ಕೊಡುಂಗಲ್ಲೂರಿನ ಹತ್ತಿರದ ಪಟ್ಟಣಂ ಎಂಬಲ್ಲಿ ಆ ಬಂದರು ಇತ್ತೆಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿಂದ ಪಶ್ಚಿಮ ಘಟ್ಟದಲ್ಲಿ ತೆರೆದಿರುವ ಪಾಲಕ್ಕಾಡಿನ ಕಣಿವೆ ದಾಟಿದರೆ ಕೊಂಗುನಾಡು. ನೊಯ್ಯಲ್ ನದಿಯ ದಂಡೆ ಹಿಡಿದು ಹೋದರೆ ಕೊಡುಮಣಲ್, ಕರೂರು, ಮುಂದೆ ಕಾವೇರಿ ಬಯಲು. ಕೊಡುಮಣಲಿನಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದವರು 1985ರಿಂದ ನಡೆಸಿದ ಉತ್ಖನನಗಳಲ್ಲಿ ಮಣಿ ಕೊರೆಯುವ, ಕಬ್ಬಿಣ ಕರಗಿಸುವ ಕೆಲಸ ನಡೆದ ಕುರುಹುಗಳು ಸಿಕ್ಕಿವೆ. ಕಾಂಗೇಯದ ಬಳಿಯ ಪಡಿಯೂರಿನಲ್ಲಿ ತಿಳಿನೀಲಿ ವೈಡೂರ್ಯದ ಗಣಿ ಇತ್ತು. 19ನೇ ಶತಮಾನದ ಆರಂಭದಲ್ಲಿ ಒಬ್ಬ ಇಂಗ್ಲಿಷ್ ವ್ಯಾಪಾರಿ ಅಲ್ಲಿ ಕಲ್ಲು ತೆಗೆಸಿದ್ದೂ ದಾಖಲಾಗಿದೆ. ರೋಮನ್ನರಿಗೆ ನಮ್ಮ ವೈಡೂರ್ಯವೆಂದರೆ ಪ್ರಾಣ. ವೈಡೂರ್ಯ ಹೆಚ್ಚಾಗಿ ಭಾರತದಲ್ಲೇ ಸಿಗುತ್ತದೆಂದು ಬರೆದ ಪ್ಲಿನಿ, ಭಾರತ ಪ್ರತಿವರ್ಷ ರೋಮ್ ಸಾಮ್ರಾಜ್ಯದಿಂದ 5 ಕೋಟಿ ಸೆಸ್ಟರ್ಸ್ ಹಣ ಎಳೆದುಕೊಳ್ಳುತ್ತದೆ ಎಂದು ಗೊಣಗಿದ್ದಾನೆ.

ಆ ಕಾಲದಲ್ಲಿ ವ್ಯಾಪಾರಕ್ಕೆ ಲಂಗುಲಗಾಮು ಇರಲಿಲ್ಲ ಎಂದುಕೊಳ್ಳಬೇಡಿ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಎರಡನೆಯ ಶತಮಾನದ ಒಂದು ಪಪೈರಸ್ ಹಾಳೆ ಇದೆ. ಅದು 1985ರಲ್ಲಿ ಪ್ರಕಟವಾಯಿತು. ಅದರ ಒಂದು ಬದಿಯಲ್ಲಿ ಮುಜಿರಿಸ್ ವ್ಯಾಪಾರಕ್ಕೆ ಸಂಬಂಧಿಸಿದ ಸಾಲದ ಕರಾರು, ಇನ್ನೊಂದು ಬದಿಯಲ್ಲಿ ‘ಹರ್ಮಪೊಲ್ಲೊನ್’ ಎಂಬ ಹಡಗು ತಂದ ಸರಕಿನ ಲೆಕ್ಕ. ಗಂಗಾ ಬಯಲಿನ ಜಟಾಮಾಂಸಿ, ಆನೆದಂತ ಮುಂತಾದವು ಅದರಲ್ಲಿವೆ. ಕೆಂಪು ಸಮುದ್ರದ ಬಂದರಿನಲ್ಲಿ ಇಳಿದ ಸರಕು ಒಂಟೆಗಳ ಮೇಲೆ ಮರಳುಗಾಡು ದಾಟಿ, ನೈಲ್ ನದಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಹೋಗಿ, ಮುದ್ರೆ ಒತ್ತಿದ ಸುಂಕದ ಉಗ್ರಾಣ ಸೇರಬೇಕಿತ್ತು. ಅಲ್ಲಿ ಸರಕಿನ ನಾಲ್ಕನೇ ಒಂದು ಪಾಲು, ಅಂದರೆ ನೂರಕ್ಕೆ 25, ಸುಂಕ. ಯಾರ ಸರಕು, ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕೇಳದೆ ಆಗಲೂ ಯಾರೂ ಸರಕು ಬಿಡುತ್ತಿರಲಿಲ್ಲ. ಇಂದಿನ ಕಾನೂನು ಕೇಳುವುದೂ ಇದೇ ಮೂರು ಪ್ರಶ್ನೆ.

ಹೀಗೆ ಬಂದ ಬೆಳ್ಳಿ ಕಾಸು, ರೋಮನ್ನರ ‘ದಿನಾರಿಯಸ್’, ನಮ್ಮ ಭಾಷೆಗಳಿಗೆ ‘ದೀನಾರ’ ಎಂಬ ಪದವನ್ನೂ ಕೊಟ್ಟು ನಮ್ಮ ಮಣ್ಣಿನಲ್ಲಿ ಉಳಿಯಿತು. ಕೊಯಮತ್ತೂರು ನಗರಕ್ಕೆ ಅಂಟಿಕೊಂಡಿರುವ ವೆಳ್ಳಲೂರಿನಲ್ಲಿ 1842ರಲ್ಲಿ ಒಂದು ಮಡಕೆ ಸಿಕ್ಕಿತು. ಅದರಲ್ಲಿ 500ಕ್ಕೂ ಹೆಚ್ಚು ಬೆಳ್ಳಿ ದಿನಾರಿಯಸ್‌ಗಳಿದ್ದವು. 1891ರಲ್ಲಿ ಅದೇ ಊರಿನಲ್ಲಿ ಮತ್ತೆ 500ಕ್ಕೂ ಹೆಚ್ಚು. ಉಡುಮಲೈಪೇಟೆ ಕಡೆಯ ಬೂದಿನತ್ತಂನಲ್ಲಿ ಸಾವಿರಕ್ಕೂ ಹೆಚ್ಚು ನಾಣ್ಯಗಳ ಒಂದು ನಿಧಿ ಸಿಕ್ಕಿತು. ಪೊಳ್ಳಾಚಿ, ಕರೂರು ಭಾಗಗಳಲ್ಲೂ ಸಿಕ್ಕಿವೆ. ಕರ್ನಾಟಕದಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 19ನೇ ಶತಮಾನದ ಕೊನೆಯಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಅಗೆತದಲ್ಲಿ ಇಂಥವೇ ಕಾಸುಗಳು ದೊರೆತವು.

ಈಗ ಒಂದು ಮುಖ್ಯ ಸಂಗತಿಗೆ ಬರೋಣ. ಈ ಮಡಕೆಗಳಲ್ಲಿ ಹೆಚ್ಚಾಗಿ ಇದ್ದದ್ದು ಇಬ್ಬರೇ ಚಕ್ರವರ್ತಿಗಳ ನಾಣ್ಯ: ಅಗಸ್ಟಸ್ (ಕ್ರಿ.ಪೂ. 27ರಿಂದ ಕ್ರಿ.ಶ. 14) ಮತ್ತು ಟೈಬೀರಿಯಸ್ (ಕ್ರಿ.ಶ. 14ರಿಂದ 37). ಅವುಗಳಲ್ಲೂ ಒಬ್ಬೊಬ್ಬನದು ಒಂದೊಂದು ಅಚ್ಚಿನದೇ ಬಹುಪಾಲು. ಯಾಕೆ? ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ನಮ್ಮ ಕಡೆಯ ವ್ಯಾಪಾರಿಗಳು ಅಚ್ಚಿನ ಮುಖ ನೋಡಿ ಮರುಳಾಗುವವರಲ್ಲ, ತೂಗಿ ತೆಗೆದುಕೊಳ್ಳುವವರು. ಹಳೆಯ ಒಳ್ಳೆ ಬೆಳ್ಳಿಯ ಕಾಸನ್ನೇ ಅವರು ಆರಿಸಿಕೊಂಡರೆಂದು ಇತಿಹಾಸಕಾರರು ಊಹಿಸುತ್ತಾರೆ. ಎರಡು ಸಾವಿರ ವರ್ಷದ ಹಿಂದಿನ ಕೊಂಗು ಸಂತೆಯ ಜಾಣತನ ನಮಗೆ ಗೊತ್ತಾದದ್ದು ಹೇಗೆ? ಮಡಕೆಯ ಕಾಸುಗಳನ್ನು ಒಟ್ಟಿಗೆ ಎಣಿಸಿ, ಯಾವುದು ಎಷ್ಟು ಎಂದು ಬರೆದಿಟ್ಟದ್ದರಿಂದ. ಅದೇ ಮಡಕೆಯ ಒಂದೊಂದು ಕಾಸೂ ಒಂದೊಂದು ಕೈಗೆ ಹೋಗಿದ್ದರೆ? ಪ್ರತಿಯೊಂದೂ ಬರೀ ಒಂದು ಹಳೆಯ ಬೆಳ್ಳಿ ಬಿಲ್ಲೆಯಾಗುತ್ತಿತ್ತು. ಟೈಬೀರಿಯಸ್‌ನ ತಲೆ ಯೂರೋಪಿನಲ್ಲಿ ಸಿಕ್ಕ ಕಾಸಿನ ಮೇಲೂ ಇದೆ. ವೆಳ್ಳಲೂರಿನ ಮಣ್ಣು ಮಾತ್ರ ಅಲ್ಲಿ ಇಲ್ಲ. ನಾಣ್ಯಕ್ಕೆ ಮಾತು ಬರುವುದು ಅದು ಸಿಕ್ಕ ಜಾಗದಿಂದ. ಜಾಗ ಮರೆತ ನಾಣ್ಯ ಮೂಗ.

ಕಂಪನಿ ಸರ್ಕಾರದ ಕಾಲದಲ್ಲೂ ಸಿಕ್ಕ ನಿಧಿಗಳಲ್ಲಿ ಎಷ್ಟೋ ಅಕ್ಕಸಾಲಿಗನ ಕುಲುಮೆಗೆ ಹೋದವು. ಸರ್ಕಾರಕ್ಕೆ ಹೇಳಿದರೆ ಎಲ್ಲ ಕಿತ್ತುಕೊಳ್ಳುತ್ತಾರೆ ಎಂಬ ಭಯ ಜನರಿಗೆ. ಈ ಭಯಕ್ಕೆ ಉತ್ತರವಾಗಿ ಬಂದದ್ದು 1878ರ ಭಾರತೀಯ ನಿಧಿ ಕಾಯ್ದೆ. ಅದು ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಮಣ್ಣಿನಲ್ಲಿ ಅಥವಾ ಮಣ್ಣಿಗೆ ಅಂಟಿದ ಕಟ್ಟಡದಲ್ಲಿ ಹುದುಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ಸಿಕ್ಕರೆ ಸಿಕ್ಕವನು ಕಲೆಕ್ಟರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಏನು ಸಿಕ್ಕಿತು, ಎಷ್ಟು, ಎಲ್ಲಿ, ಯಾವ ದಿನ ಎಂಬುದು ಅದರಲ್ಲಿರಬೇಕು. ವಸ್ತುವನ್ನು ಸರ್ಕಾರದ ಖಜಾನೆಗೆ ಒಪ್ಪಿಸಬೇಕು, ಇಲ್ಲವೇ ಕೇಳಿದಾಗ ಹಾಜರುಪಡಿಸುವುದಾಗಿ ಜಾಮೀನು ಕೊಡಬೇಕು. ಕಲೆಕ್ಟರು ಪ್ರಕಟಣೆ ಹೊರಡಿಸಿ ವಿಚಾರಣೆ ಮಾಡುತ್ತಾರೆ. ಕಳೆದ 100 ವರ್ಷದೊಳಗೆ ಹೂತಿಟ್ಟವರ ವಾರಸುದಾರರು ಯಾರೂ ಇಲ್ಲವೆಂದಾದರೆ ನಿಧಿಗೆ ಒಡೆಯರಿಲ್ಲ ಎಂದು ಘೋಷಿಸುತ್ತಾರೆ. ಬೇರೆ ಒಪ್ಪಂದ ಇಲ್ಲದಿದ್ದರೆ ಸಿಕ್ಕವನಿಗೆ ನಾಲ್ಕರಲ್ಲಿ ಮೂರು ಪಾಲು, ಜಮೀನಿನ ಒಡೆಯನಿಗೆ ಒಂದು ಪಾಲು. ಸರ್ಕಾರ ವಸ್ತುವನ್ನು ತಾನೇ ಇಟ್ಟುಕೊಳ್ಳಬೇಕೆಂದರೆ ಲೋಹದ ಬೆಲೆಯ ಜೊತೆಗೆ ಅದರ ಐದನೇ ಒಂದು ಪಾಲು ಸೇರಿಸಿ ಹಣ ಕೊಡಬೇಕು. ಮುಚ್ಚಿಟ್ಟರೆ ಪಾಲು ಹೋಗುತ್ತದೆ, ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು.

ಓದಿದರೆ ನ್ಯಾಯವಾಗಿಯೇ ಇದೆ. ಆದರೆ ಅದರ ಒಂದು ದೌರ್ಬಲ್ಯವನ್ನೂ ಹೇಳಬೇಕು. ಲೋಹದ ಬೆಲೆ ಬೇರೆ, ಸಂಗ್ರಾಹಕ ಕೊಡುವ ಬೆಲೆ ಬೇರೆ. ಒಂದು ದಿನಾರಿಯಸ್‌ನಲ್ಲಿ ನಾಲ್ಕು ಗ್ರಾಂಗೂ ಕಡಿಮೆ ಬೆಳ್ಳಿ ಇರುತ್ತದೆ. ಹರಾಜಿನಲ್ಲಿ ಅದಕ್ಕೆ ಬೆಳ್ಳಿಯ ಹಲವು ಪಟ್ಟು ಸಿಗುತ್ತದೆ. ಈ ವ್ಯತ್ಯಾಸವೇ ಬಡ ರೈತನ ಬಾಯಿ ಮುಚ್ಚಿಸುತ್ತದೆ, ದಲ್ಲಾಳಿಯನ್ನು ಊರಿಗೆ ಕರೆತರುತ್ತದೆ. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯ್ದೆಯಂತೆ ವಸ್ತುಸಂಗ್ರಹಾಲಯ ನಿಧಿಯನ್ನು ಪಡೆದರೆ ಮಾರುಕಟ್ಟೆ ಬೆಲೆಯನ್ನು ಬಹುಮಾನವಾಗಿ ಕೊಡುತ್ತಾರೆ. ಅಲ್ಲಿಯ ಜನ ಧೈರ್ಯವಾಗಿ ಮುಂದೆ ಬಂದು ಹೇಳಲು ಇದೂ ಒಂದು ಕಾರಣ. ನಮ್ಮ 1878ರ ಕಾಯ್ದೆಯ ಈ ಕಲಮು ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಬದಲಾಗುವವರೆಗೆ ಇರುವ ಕಾನೂನನ್ನು ಪಾಲಿಸುವುದೇ ದಾರಿ.

ಎರಡನೆಯದು ಪುರಾವಸ್ತುಗಳ ಕಾನೂನು. ಸ್ವಾತಂತ್ರ್ಯ ಬಂದ 1947ರಲ್ಲೇ ಪುರಾವಸ್ತುಗಳ ರಫ್ತನ್ನು ನಿಯಂತ್ರಿಸುವ ಕಾಯ್ದೆ ಬಂತು. ಅದರ ಜಾಗದಲ್ಲಿ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಬಂದು, 1976ರ ಏಪ್ರಿಲ್ 5ರಿಂದ ಜಾರಿಯಾಯಿತು. 100 ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ, ವಿಗ್ರಹ, ಚಿತ್ರ, ಕುಶಲವಸ್ತು ಪುರಾವಸ್ತು. ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷ ಸಾಕು. ಇವನ್ನು ದೇಶದಿಂದ ಹೊರಗೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ಒಪ್ಪಿಗೆ ಕೊಟ್ಟ ಸಂಸ್ಥೆಗೆ ಮಾತ್ರ. ತಪ್ಪಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ದೇಶದೊಳಗೆ ಪುರಾವಸ್ತು ಮಾರುವುದನ್ನೇ ವ್ಯಾಪಾರ ಮಾಡಿಕೊಳ್ಳುವವರಿಗೆ ಪರವಾನಗಿ ಬೇಕು.

ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪುರಾವಸ್ತು ಎಂದರೆ ರೋಮನ್ ಕಾಸು ಮಾತ್ರವಲ್ಲ. ಕೊಯಮತ್ತೂರು ಸೀಮೆ 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಆದ್ದರಿಂದ ಇಲ್ಲಿಯ ಹಳೆಯ ಕನ್ನಡ ಮನೆಗಳಲ್ಲಿ, ದೇವಾಂಗದವರ, ಒಕ್ಕಲಿಗರ ಪೆಟ್ಟಿಗೆಗಳಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಪುಟ್ಟ ಚಿನ್ನದ ಕಂಠೀರಾಯಿ ಹಣವೋ, ಟಿಪ್ಪುವಿನ ಆನೆ ಮುದ್ರೆಯ ತಾಮ್ರದ ಕಾಸೋ ಇದ್ದರೆ ಆಶ್ಚರ್ಯವಿಲ್ಲ. ಅವೂ ಪುರಾವಸ್ತುಗಳೇ. 1911ರ ಐದನೇ ಜಾರ್ಜ್ ರೂಪಾಯಿ ಗೊತ್ತಲ್ಲ? ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಗಲಾಟೆ ಮಾಡಿ, ಅಚ್ಚನ್ನೇ ಬದಲಾಯಿಸಬೇಕಾಯಿತು. ಆ ‘ಹಂದಿ ರೂಪಾಯಿ’ ಕೂಡ ಈಗ 100 ವರ್ಷ ದಾಟಿ ಪುರಾವಸ್ತುವಾಗಿದೆ. ಹಿಂದೆ ರಫ್ತಿಗೆ ಅಡ್ಡಿಯಿಲ್ಲದಿದ್ದ ನಾಣ್ಯ, ವಯಸ್ಸು ತುಂಬಿದಾಗ ತಾನಾಗಿಯೇ ನಿಷೇಧದೊಳಗೆ ಬರುತ್ತದೆ. ಅಜ್ಜಿಯ ಪೆಟ್ಟಿಗೆಯಲ್ಲಿರುವುದು ನಿಧಿಯಲ್ಲ, ಮನೆಯ ಆಸ್ತಿ. ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಅಮೆರಿಕದ ಸಂಗ್ರಾಹಕನಿಗೆ ಅಂಚೆಯಲ್ಲಿ ಕಳಿಸಲು ಮಾತ್ರ ಬರುವುದಿಲ್ಲ.

ಇಷ್ಟು ಹಳೆಯ ಕಾನೂನುಗಳಿಗೆ ಹೊಸ ಪರೀಕ್ಷೆ ತಂದದ್ದು ಅಂತರಜಾಲ. ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ಬಾಜೀ ಡಾಟ್ ಕಾಂ ಎಂಬ ಹರಾಜು ತಾಣ ಶುರುವಾಯಿತು. 2004ರಲ್ಲಿ ಅಮೆರಿಕದ ಈಬೇ ಅದನ್ನು ಕೊಂಡಿತು. ಅದೇ ವರ್ಷದ ಕೊನೆಗೆ, ಒಬ್ಬ ಮಾರಾಟಗಾರ ತಾಣದಲ್ಲಿ ಹಾಕಿದ ಅಶ್ಲೀಲ ದೃಶ್ಯದ ಪ್ರಕರಣದಲ್ಲಿ ತಾಣದ ಮುಖ್ಯಸ್ಥರನ್ನೇ ಪೊಲೀಸರು ಬಂಧಿಸಿದರು. ತಾಣ ನಡೆಸುವವರ ಹೊಣೆ ಎಲ್ಲಿಯವರೆಗೆ ಎಂಬ ಚರ್ಚೆ ದೇಶದಲ್ಲೆಲ್ಲ ನಡೆಯಿತು. 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ತಿದ್ದುಪಡಿಯಾಗಿ, ಎಚ್ಚರ ವಹಿಸಿ ನಡೆದುಕೊಳ್ಳುವ ಮಧ್ಯವರ್ತಿ ತಾಣಗಳಿಗೆ ರಕ್ಷಣೆ ಸಿಕ್ಕಿತು. ಈಬೇಯ ಭಾರತದ ತಾಣ 2018ರ ಆಗಸ್ಟಿನಲ್ಲಿ ಮುಚ್ಚಿತು. ತಾಣಗಳು ಬರುತ್ತವೆ, ಹೋಗುತ್ತವೆ. ವಸ್ತು ಯಾರದು, ಮಾರಲು ಹಕ್ಕಿದೆಯೇ ಎಂಬ ಹೊಣೆ ಮಾತ್ರ ಮಾರುವವನ ತಲೆಯ ಮೇಲೇ ಇರುತ್ತದೆ. ತಾಣ ಒಪ್ಪಿಕೊಂಡಿತು ಎಂಬುದು ನ್ಯಾಯಾಲಯದಲ್ಲಿ ಉತ್ತರವಾಗುವುದಿಲ್ಲ.

ಸಾಗಣೆಯ ದಾರಿಯಲ್ಲೂ ಬಾಗಿಲುಗಳಿವೆ. ವಿದೇಶಕ್ಕೆ ಹೋಗುವ ಅಂಚೆ ಪೊಟ್ಟಣಕ್ಕೆ ಒಳಗೇನಿದೆ ಎಂಬ ಸುಂಕದ ಘೋಷಣೆ ಅಂಟಿಸಬೇಕು. ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ನಾಣ್ಯ, ಚಿನ್ನ, ಬೆಳ್ಳಿ, ರತ್ನಗಳನ್ನು ವಿಮೆಯಿಲ್ಲದ ಸಾಮಾನ್ಯ ಲಕೋಟೆಯಲ್ಲಿ ಹಾಕುವಂತಿಲ್ಲ. ‘ಆಟದ ಸಾಮಾನು’ ಎಂದು ಬರೆದು ಕಳಿಸಿದರೆ ಪುರಾವಸ್ತು ಕಾನೂನಿನ ತಪ್ಪಿನ ಜೊತೆಗೆ 1962ರ ಸುಂಕ ಕಾಯ್ದೆಯ ಸುಳ್ಳು ಘೋಷಣೆಯ ತಪ್ಪೂ ಸೇರುತ್ತದೆ. ವಸ್ತು ಜಪ್ತಿಯಾಗುತ್ತದೆ. ಹಳೆಯದಂತೆ ಕಾಣುವ ಹೊಸ ವಸ್ತುವನ್ನು ಕಳಿಸುವವರು ಅನುಮಾನ ಬಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಇದು ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬೇಕು. ಹರ್ಮಪೊಲ್ಲೊನ್ ಹಡಗಿನಲ್ಲಿ ಹೋದ ಆನೆದಂತದ ಮಾತಂತೂ ಬೇಡ. ವನ್ಯಜೀವಿ ಸಂರಕ್ಷಣಾ ಕಾನೂನು ಅದರ ವ್ಯಾಪಾರವನ್ನೇ ನಿಷೇಧಿಸಿದೆ.

ಕೊಳ್ಳುವವರ ದೇಶದಲ್ಲೂ ಈಗ ಬಾಗಿಲು ಬಿಗಿಯಾಗುತ್ತಿದೆ. ಕಳ್ಳಸಾಗಣೆ ತಡೆಯುವ 1970ರ ಯುನೆಸ್ಕೋ ಒಪ್ಪಂದಕ್ಕೆ ಭಾರತ 1977ರಲ್ಲಿ ಸೇರಿತು. 2024ರ ಜುಲೈನಲ್ಲಿ ಭಾರತ ಮತ್ತು ಅಮೆರಿಕ ಸಾಂಸ್ಕೃತಿಕ ಆಸ್ತಿಯ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕ 297 ಪುರಾವಸ್ತುಗಳನ್ನು ನಮಗೆ ಮರಳಿಸಿತು.

ಆದರೂ ಕಾನೂನಿಗೆ ಒಂದು ಮಿತಿಯಿದೆ. ಟಿಪ್ಪುವಿನ ಅರಮನೆಯಿಂದ 1799ರಲ್ಲಿ ಹೋದ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. 1972ರ ಕಾಯ್ದೆ ಅದಕ್ಕಿಂತ ಮೊದಲೇ ಹೋದದ್ದನ್ನು ತಡೆಯಲಾರದು. ಬುದ್ಧನ ಅಸ್ಥಿಗಳ ಜೊತೆ 1898ರಲ್ಲಿ ಪಿಪ್ರಾಹ್ವಾದಲ್ಲಿ ಸಿಕ್ಕ ರತ್ನಗಳದು ಇನ್ನೊಂದು ಕಥೆ. 2025ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಸೋದಬೀಸ್ ಅವುಗಳ ಹರಾಜಿಗೆ ಸಿದ್ಧವಾಗಿತ್ತು. ಭಾರತ ಸರ್ಕಾರ ನೋಟೀಸು ಕೊಟ್ಟಿತು, ಹರಾಜು ನಿಂತಿತು, ಜುಲೈನಲ್ಲಿ ರತ್ನಗಳು ಭಾರತಕ್ಕೆ ಬಂದವು. ಆದರೆ ಒಬ್ಬ ಭಾರತೀಯ ಉದ್ಯಮಿಯ ಸಂಸ್ಥೆ ಹಣ ಕೊಟ್ಟು ಕೊಂಡದ್ದರಿಂದ ಬಂದವು. ಎರಡೂ ಪ್ರಕರಣಗಳಲ್ಲಿ ಒಂದು ಸಂಗತಿ ಗಮನಿಸಿ: ವಸ್ತು ಎಲ್ಲಿಯದು ಎಂದು ದಾಖಲೆ ಇತ್ತು. ಅದರಿಂದಲೇ ನಾವು ‘ನಮ್ಮದು’ ಎನ್ನಲು ಸಾಧ್ಯವಾಯಿತು. ದಾಖಲೆಯಿಲ್ಲದೆ ಕೊಂಗುನಾಡಿನ ಹೊಲದಿಂದ ಹೋದ ಕಾಸನ್ನು ನಮ್ಮದೆಂದು ಯಾರು, ಯಾವ ಬಾಯಿಂದ ಹೇಳಬೇಕು?

ಪೋಷಕರಿಗೆ ಇನ್ನೊಂದು ಎಚ್ಚರಿಕೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತುಗಳು ಮೊಬೈಲಿನಲ್ಲಿ ಓಡಾಡುತ್ತವೆ. ಮೊದಲು ‘ಕಮಿಷನ್’, ಆಮೇಲೆ ‘ತೆರಿಗೆ’ ಎಂದು ಹಣ ಕೀಳುತ್ತಾರೆ. ತನ್ನ ಹೆಸರು ಬಳಸಿ ಹೀಗೆ ಹಳೆಯ ನೋಟು, ನಾಣ್ಯದ ವ್ಯವಹಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿತು. ಇಂಥದ್ದಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಹೇಳಿತು. ಇದನ್ನು ಶಾಲೆಯ ಪೋಷಕರ ಸಭೆಯಲ್ಲಿ ಓದಿ ಹೇಳುವುದು ಒಳ್ಳೆಯದು.

ಕೊನೆಯದಾಗಿ ನಮ್ಮ ಮಕ್ಕಳಿಗೆ ಹೇಳಬಹುದಾದದ್ದು ಇಷ್ಟು. ಹೊಲದಲ್ಲಿ ಮಡಕೆ ಕಂಡರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಕಾಸನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಗೆಳೆಯರಿಗೆ ಹಂಚಬೇಡಿ. ಮಡಕೆಯ ಓಡೂ ಬೇಕು. ಹೊಲದ ಸರ್ವೆ ನಂಬರು, ಎಷ್ಟು ಆಳ, ಯಾವ ದಿನ ಎಂದು ಬರೆದಿಡಿ. ಹಿರಿಯರ ಮೂಲಕ ಗ್ರಾಮಾಡಳಿತ ಅಧಿಕಾರಿಗೋ ತಹಶೀಲ್ದಾರರಿಗೋ ಹೇಳಿ, ಕಲೆಕ್ಟರಿಗೆ ಅರ್ಜಿ ಕೊಡಿಸಿ, ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕಾಸಿದ್ದರೆ ಅದು ಯಾರಿಂದ ಬಂತು, ಯಾವ ಊರಿನದು ಎಂದು ಅಜ್ಜ ಅಜ್ಜಿ ಇರುವಾಗಲೇ ಕೇಳಿ ಚೀಟಿಯಲ್ಲಿ ಬರೆದು ಅದರ ಜೊತೆ ಇಡಿ. ಆ ಚೀಟಿ ಕಾಸಿನಷ್ಟೇ ಬೆಲೆಯುಳ್ಳದ್ದು. ವೆಳ್ಳಲೂರಿನ ಮಡಕೆಯನ್ನು ಎಣಿಸಿ ಬರೆದಿಡದೆ ಹೋಗಿದ್ದರೆ ಈ ಲೇಖನವನ್ನು ಬರೆಯಲು ಸಾಧ್ಯವಾಗುತ್ತಿರಲಿಲ್ಲ.

ನಿಮ್ಮ ಶಾಲೆಯಲ್ಲಿ ಇದರ ಬಗ್ಗೆ ಒಂದು ಅವಧಿ ಮಾತಾಡಿ ನೋಡಿ. ಮಕ್ಕಳು ಮನೆಗೆ ಹೋಗಿ ಏನು ಕೇಳಿಕೊಂಡು ಬರುತ್ತಾರೋ, ಅದೇ ಮುಂದಿನ ಪಾಠ.